ಬಾಣಂತಿಯ ತಟ್ಟೆಯಲ್ಲಿ ಕಬ್ಬಿಣ: ಹೆರಿಗೆಯ ನಂತರದ ರಕ್ತಹೀನತೆಗೆ ಸಸ್ಯಾಹಾರದ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಬಾಣಂತಿಗೆ ಉಪಚಾರ ಮಾಡುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ತುಪ್ಪ, ಅಂಟಿನ ಉಂಡೆ, ಮೆಣಸಿನ ಸಾರು, ಎಣ್ಣೆ ನೀರು, ಸಾಂಬ್ರಾಣಿ ಹೊಗೆ ಎಲ್ಲವೂ ನಡೆಯುತ್ತದೆ. ಆದರೂ ಮೂರು ತಿಂಗಳಾದ ಮೇಲೂ ಎಷ್ಟೋ ತಾಯಂದಿರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಕೂತು ಎದ್ದರೆ ಕಣ್ಣು ಕತ್ತಲೆ ಬರುತ್ತದೆ. "ರಾತ್ರಿ ಮಗು ಮಲಗೋಕೆ ಬಿಡಲ್ಲ, ಅದಕ್ಕೇ ಸುಸ್ತು" ಅಂತ ಮನೆಯವರೂ ಸುಮ್ಮನಾಗುತ್ತಾರೆ, ತಾಯಿಯೂ ಸುಮ್ಮನಾಗುತ್ತಾಳೆ.

ಆ ಸುಸ್ತು ಬರೀ ನಿದ್ದೆಯದ್ದು ಅಲ್ಲದೇ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಬಸಿರಿಗೆ ಮೊದಲೇ ರಕ್ತ ಕಡಿಮೆ ಇದ್ದವರಿಗೆ ಹೆರಿಗೆಯಲ್ಲಿ ಹೋಗುವ ರಕ್ತ ಇನ್ನೊಂದು ಪೆಟ್ಟು.

ಇದು ಸಸ್ಯಾಹಾರಿ ತಾಯಂದಿರಿಗಾಗಿ ಬರೆದದ್ದು. ಮೊಟ್ಟೆ, ಮೀನು, ಮಾಂಸ ತಿನ್ನದೆ ರಕ್ತ ಸುಧಾರಿಸಿಕೊಳ್ಳುವುದು ಸಾಧ್ಯ. ಆದರೆ ಏನು ತಿಂದಿರಿ ಅನ್ನುವುದಕ್ಕಿಂತ ತಿಂದದ್ದು ಮೈಗೆ ಹತ್ತಿತಾ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ.

ಹೆಜ್ಜೆ 1: ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ "ಬಿಳಚಿಕೊಂಡಿದೆ" ಅಂತ ಅಂದಾಜು ಮಾಡಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಪರೀಕ್ಷೆ ಆಗುತ್ತದೆ. ಹಾಲುಣಿಸುವ ತಾಯಿಗೆ 100 ಮಿ.ಲೀ ರಕ್ತಕ್ಕೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. 11ರಿಂದ 12ರ ನಡುವೆ ಇದ್ದರೆ ಸ್ವಲ್ಪ ಕೊರತೆ, 8ರಿಂದ 11ರ ನಡುವೆ ಇದ್ದರೆ ಮಧ್ಯಮ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ.

ತೀವ್ರ ಕೊರತೆಯನ್ನು ಸೊಪ್ಪು, ಕಾಳು ತಿಂದು ಸರಿ ಮಾಡಿಕೊಳ್ಳುತ್ತೇನೆ ಅಂತ ದಯವಿಟ್ಟು ಕಾಯಬೇಡಿ. ರಕ್ತನಾಳದ ಮೂಲಕ ಕಬ್ಬಿಣ ಹಾಕಿಸಿಕೊಳ್ಳುವುದೋ, ರಕ್ತವನ್ನೇ ಕೊಡಿಸುವುದೋ ಡಾಕ್ಟರು ಹೇಳಬೇಕು. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಸುಮ್ನೆ ಕೂತಾಗಲೂ ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದೂ ಕಬ್ಬಿಣದ ಕೊರತೆಯ ಗುರುತೇ. ಇದನ್ನು ಹೇಳಿಕೊಳ್ಳಲು ಹೆಣ್ಣುಮಕ್ಕಳು ನಾಚಿಕೊಳ್ಳುತ್ತಾರೆ. ನಾಚಿಕೆ ಬೇಡ, ಡಾಕ್ಟರಿಗೆ ಹೇಳಿ.

ಹೆಜ್ಜೆ 2: ಲೆಕ್ಕ ಒಂದು ಸಲ ಅರ್ಥ ಮಾಡಿಕೊಳ್ಳಿ

ಮಾಮೂಲಿ ಹೆರಿಗೆಯಲ್ಲಿ ಅರ್ಧ ಲೀಟರ್‌ವರೆಗೆ ರಕ್ತ ಹೋಗಬಹುದು. ಸಿಸೇರಿಯನ್‌ನಲ್ಲಿ ಇನ್ನೂ ಜಾಸ್ತಿ. ಹಿಮೋಗ್ಲೋಬಿನ್ 11 ಇರುವ ತಾಯಿಯ ಅರ್ಧ ಲೀಟರ್ ರಕ್ತದಲ್ಲಿ ಸುಮಾರು 185 ಮಿ.ಗ್ರಾಂ ಕಬ್ಬಿಣ ಇರುತ್ತದೆ.

ಈಗ ಊಟದ ಕಡೆ ನೋಡಿ. ಹಾಲುಣಿಸುವ ತಾಯಿಗೆ ದಿನಕ್ಕೆ 23 ಮಿ.ಗ್ರಾಂ ಕಬ್ಬಿಣ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಕಾಳು, ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಲ್ಪಡುವುದಿಲ್ಲ. ನೂರರಲ್ಲಿ 5ರಿಂದ 10 ಭಾಗ ಮಾತ್ರ ಮೈಗೆ ಹತ್ತುತ್ತದೆ. ಅಂದರೆ 20 ಮಿ.ಗ್ರಾಂ ತಿಂದರೆ ಒಳಗೆ ಹೋಗುವುದು ಒಂದೂವರೆ ಮಿ.ಗ್ರಾಂ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಮೈಯ ದಿನನಿತ್ಯದ ಖರ್ಚಿಗೇ ಹೋಗುತ್ತದೆ. ಕೊರತೆ ಇದ್ದಾಗ ಕರುಳು ಸ್ವಲ್ಪ ಜಾಸ್ತಿ ಹೀರಿಕೊಳ್ಳುತ್ತದೆ ನಿಜ, ಆದರೂ ಊಟ ಒಂದರಿಂದಲೇ ಆ ಹಳ್ಳ ತುಂಬಲು ತಿಂಗಳುಗಟ್ಟಲೆ ಬೇಕು.

ಅದಕ್ಕೇ ಮಾತ್ರೆಯೂ ಬೇಕು, ಊಟವೂ ಬೇಕು. "ನಾವು ನ್ಯಾಚುರಲ್ ಆಗಿ ಮಾಡ್ತೀವಿ, ಮಾತ್ರೆ ಬೇಡ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ತಿಂಗಳು ಸುಸ್ತಿನಲ್ಲಿ ನರಳುವುದು ಆ ತಾಯಿ.

ಹೆಜ್ಜೆ 3: ಕೆಂಪು ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳಿ

ಸರ್ಕಾರದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಹೆರಿಗೆಯಾದ ಮೇಲೆ 180 ದಿನ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ರಕ್ತ ಈಗಾಗಲೇ ಕಡಿಮೆ ಇದ್ದರೆ ದಿನಕ್ಕೆ ಎರಡು ಅಂತ ಡಾಕ್ಟರು ಹೇಳಬಹುದು. ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿದರೆ ಸಿಗುತ್ತದೆ.

ಊಟವಾಗಿ ಒಂದು ಗಂಟೆ ಬಿಟ್ಟು, ನಿಂಬೆ ಪಾನಕದ ಜೊತೆ ನುಂಗಿದರೆ ಒಳ್ಳೆಯದು. ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರುತ್ತಾರೆ ಅಲ್ವಾ? ಅದಕ್ಕೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಬಿಡಬೇಕು.

ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ವಾಕರಿಕೆ ಬಂದರೆ ರಾತ್ರಿ ಮಲಗುವ ಮುಂಚೆ ನುಂಗಿ. ಮಲಬದ್ಧತೆ ಆದರೆ ನೀರು ಜಾಸ್ತಿ ಕುಡಿಯಿರಿ, ರಾತ್ರಿ ನೆನೆಸಿದ ಒಣದ್ರಾಕ್ಷಿ ತಿನ್ನಿ. ಇಷ್ಟಾದರೂ ಆಗುತ್ತಿಲ್ಲ ಅಂದರೆ ಬೇರೆ ಮಾತ್ರೆ ಬರೆಸಿಕೊಳ್ಳಿ, ನೀವೇ ನಿಲ್ಲಿಸಬೇಡಿ. ಮಾತ್ರೆ ನೋಡೋಕೆ ಪೆಪ್ಪರ್‌ಮೆಂಟಿನ ಹಾಗಿರುತ್ತದೆ. ಮನೆಯಲ್ಲಿ ದೊಡ್ಡ ಮಗು ಇದ್ದರೆ ಕೈಗೆ ಸಿಗದ ಹಾಗೆ ಎತ್ತಿಡಿ. ಪುಟ್ಟ ಮಕ್ಕಳು ನಾಲ್ಕಾರು ನುಂಗಿದರೂ ಅಪಾಯ.

ಹೆಜ್ಜೆ 4: ಕಬ್ಬಿಣ ನಿಜವಾಗಿ ಎಲ್ಲಿದೆ ಅಂತ ತಿಳಿಯಿರಿ

ಮೊದಲು ಒಂದು ಭ್ರಮೆ ಬಿಡೋಣ. ಬೀಟ್‌ರೂಟ್ ಕೆಂಪಗಿದೆ ಅಂತ ಅದರಲ್ಲಿ ರಕ್ತ ಇಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿ.ಗ್ರಾಂ ಕಬ್ಬಿಣವೂ ಇರುವುದಿಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಬೆಲ್ಲದಲ್ಲಿ 100 ಗ್ರಾಂಗೆ ನಾಲ್ಕೈದು ಮಿ.ಗ್ರಾಂ ಇದೆ, ಆದರೆ ನಾವು ತಿನ್ನುವುದು ಒಂದು ಅಚ್ಚಿನ ಚೂರು. 10 ಗ್ರಾಂ ಬೆಲ್ಲಕ್ಕೆ ಸಿಗುವುದು ಅರ್ಧ ಮಿ.ಗ್ರಾಂ. ಖರ್ಜೂರದ್ದೂ ಇದೇ ಕಥೆ. ರುಚಿಗೆ ತಿನ್ನಿ, ಔಷಧಿ ಅಂದುಕೊಳ್ಳಬೇಡಿ. ಬಡ ಮನೆಯಲ್ಲಿ ಸಾಲ ಮಾಡಿ ದಾಳಿಂಬೆ ತರುತ್ತಾರೆ, ಡಬ್ಬಿಯಲ್ಲಿರುವ ಹುರುಳಿಯನ್ನು ಬಾಣಂತಿಗೆ ಬೇಡ ಅನ್ನುತ್ತಾರೆ. ಇದು ಬದಲಾಗಬೇಕು.

ನಿಜವಾದ ಕಬ್ಬಿಣ ಕಾಳಿನಲ್ಲಿದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 8 ಮಿ.ಗ್ರಾಂ, ಮಸೂರ್ ಬೇಳೆ ಮತ್ತು ಕಡಲೆಕಾಳಿನಲ್ಲಿ ಸುಮಾರು 7, ಅಲಸಂದೆ, ಹೆಸರುಕಾಳಿನಲ್ಲಿ ಸುಮಾರು 5. ಸೋಯಾದಲ್ಲೂ ಹುರುಳಿಯಷ್ಟೇ ಇದೆ. ಕರಿ ಎಳ್ಳಿನಲ್ಲಿ ಸುಮಾರು 14 ಇದೆ, ಆದರೆ ಅದನ್ನು ಚಮಚದ ಲೆಕ್ಕದಲ್ಲಿ ತಿನ್ನುತ್ತೇವೆ. ಹಾಗಾಗಿ ಎಳ್ಳಿನ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ದಿನವೂ ಊಟದ ಪಕ್ಕ ಇದ್ದರೆ ಚೆನ್ನ.

ಧಾನ್ಯದಲ್ಲಿ ಸಜ್ಜೆಗೆ ಮೊದಲ ಸ್ಥಾನ, 100 ಗ್ರಾಂಗೆ ಸುಮಾರು 6.4 ಮಿ.ಗ್ರಾಂ. ರಾಗಿ 4.6. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿ.ಗ್ರಾಂ ಕೂಡ ಇಲ್ಲ. ಬಾಣಂತಿಗೆ ಮೂರು ಹೊತ್ತೂ ಬಿಸಿ ಅನ್ನ, ಮೆಣಸಿನ ಸಾರು ಕೊಡುವ ಮನೆಗಳಲ್ಲಿ ರಕ್ತ ಏಕೆ ಏರುವುದಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ದಿನಕ್ಕೆ ಒಂದು ಹೊತ್ತಾದರೂ ಅನ್ನದ ಬದಲು ಮುದ್ದೆ ಅಥವಾ ರೊಟ್ಟಿ ಇರಲಿ.

ಸೊಪ್ಪಿನಲ್ಲಿ ದಂಟು, ಹರಿವೆ, ನುಗ್ಗೆಸೊಪ್ಪು 100 ಗ್ರಾಂಗೆ ನಾಲ್ಕೂವರೆ ಮಿ.ಗ್ರಾಂ ಆಸುಪಾಸು. ಹೆಸರುವಾಸಿಯಾದ ಪಾಲಕ್‌ನಲ್ಲಿ ಸುಮಾರು 3 ಮಾತ್ರ, ಅದರಲ್ಲಿ ಖನಿಜಗಳನ್ನು ಕಟ್ಟಿಹಾಕುವ ಆಕ್ಸಲೇಟ್ ಅನ್ನುವ ಅಂಶ ಕೂಡ ಜಾಸ್ತಿ. ಹಿತ್ತಲಲ್ಲಿ ನುಗ್ಗೆ ಮರ ಇದ್ದವರು ಪಾಲಕ್ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ.

ಉತ್ತರ ಕರ್ನಾಟಕದ ಬಾಣಂತಿಯರಿಗೆ ಕೊಡುವ ಅಳವಿ ಬೀಜ (ಇಂಗ್ಲಿಷಿನಲ್ಲಿ ಗಾರ್ಡನ್ ಕ್ರೆಸ್) ನಮ್ಮ ಹಿರಿಯರ ಜಾಣತನ. ಇದರಲ್ಲಿ ಕಬ್ಬಿಣ ಚೆನ್ನಾಗಿದೆ. ಒಂದೆರಡು ಚಮಚ ಬೀಜವನ್ನು ಕೊಬ್ಬರಿ, ಬೆಲ್ಲದ ಜೊತೆ ಉಂಡೆ ಮಾಡಿ ದಿನಕ್ಕೊಂದು ತಿನ್ನಬಹುದು. ಥೈರಾಯ್ಡ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಿ. ಬಸುರಿಯರು ಇದನ್ನು ತಿನ್ನುವುದು ಬೇಡ.

ಹೆಜ್ಜೆ 5: ಹುಳಿ ಹಿಂಡಿ, ಆದರೆ ಒಲೆಯಿಂದ ಇಳಿಸಿದ ಮೇಲೆ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ. ಸಸ್ಯದ ಕಬ್ಬಿಣ ಮೈಗೆ ಹತ್ತಬೇಕಾದರೆ ಅದೇ ತುತ್ತಿನಲ್ಲಿ ವಿಟಮಿನ್ ಸಿ ಇರಬೇಕು. ಬೆಳಿಗ್ಗೆ ಕಿತ್ತಳೆ ತಿಂದು ಮಧ್ಯಾಹ್ನ ಕಾಳು ತಿಂದರೆ ಆ ಲಾಭ ಸಿಗುವುದಿಲ್ಲ. ಜೊತೆಯಲ್ಲೇ ಇರಬೇಕು.

ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ಕುದಿಯುವ ಸಾರಿಗೆ ನಿಂಬೆ ಹಿಂಡಿದರೆ ರುಚಿ ಉಳಿಯುತ್ತದೆ, ವಿಟಮಿನ್ ಹೋಗುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಪಲ್ಯದ ಮೇಲೆ ಅರ್ಧ ಹೋಳು ಹಿಂಡಿ. ನೆಲ್ಲಿಕಾಯಿ ಇದ್ದರೆ ಇನ್ನೂ ಒಳ್ಳೆಯದು. ಹಸಿ ನೆಲ್ಲಿಕಾಯಿ, ಕಾಯಿತುರಿ, ಜೀರಿಗೆ, ಉಪ್ಪು ರುಬ್ಬಿದ ಚಟ್ನಿಗೆ ಎರಡು ನಿಮಿಷ ಸಾಕು. ಸೀಬೆಹಣ್ಣು, ಪಪ್ಪಾಯಿ ಕೂಡ ಆಗುತ್ತದೆ. ಹೆರಿಗೆಯಾದ ಮೇಲೆ ಮಾಗಿದ ಪಪ್ಪಾಯಿ ತಿನ್ನಲು ಯಾವ ತೊಂದರೆಯೂ ಇಲ್ಲ.

ಇನ್ನೊಂದು ಸಂತೋಷದ ವಿಷಯ. ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದರೆ ಕಾಳು ಮತ್ತು ಧಾನ್ಯದಲ್ಲಿರುವ ಕಬ್ಬಿಣ ಹೀರಿಕೊಳ್ಳಲು ಹೆಚ್ಚು ಅನುಕೂಲವಾಗುತ್ತದೆ ಅಂತ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳೇ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಬಾಣಂತಿ ಸಾರಿನಲ್ಲಿ ಬೆಳ್ಳುಳ್ಳಿ ಹೇಗೂ ಇರುತ್ತದೆ. ಆ ಸಾರಿಗೆ ಒಂದಿಷ್ಟು ಕಾಳು ಸೇರಿಸುವುದಷ್ಟೇ ಬಾಕಿ.

ಹೆಜ್ಜೆ 6: ಕಾಫಿ, ಟೀ ಹೊತ್ತು ಬದಲಾಯಿಸಿ

ಊಟದ ಜೊತೆ ಕುಡಿದ ಟೀ ಕಬ್ಬಿಣ ಹೀರುವುದನ್ನು ಅರ್ಧಕ್ಕಿಂತ ಕಡಿಮೆ ಮಾಡಿಬಿಡಬಹುದು. ಕಾಫಿ ಸ್ವಲ್ಪ ವಾಸಿ, ಆದರೂ ಅಡ್ಡಿಯೇ. ಬಿಡಿ ಅಂತ ನಾನು ಹೇಳುವುದಿಲ್ಲ. ರಾತ್ರಿಯಿಡೀ ಎದ್ದಿದ್ದ ತಾಯಿಗೆ ಬೆಳಗಿನ ಒಂದು ಲೋಟ ಕಾಫಿ ಬೇಡ ಅನ್ನುವುದು ಸರಿಯಲ್ಲ. ಊಟ, ತಿಂಡಿಗೆ ಒಂದು ಗಂಟೆ ಮೊದಲು ಕುಡಿಯಿರಿ. ಊಟದ ಮೇಲಾದರೆ ಎರಡು ಗಂಟೆ ಬಿಟ್ಟು ಕುಡಿಯಿರಿ.

ಹಾಲು, ಮೊಸರಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಸ್ವಲ್ಪ ಅಡ್ಡ ಬರುತ್ತದೆ. ಹಾಗಂತ ಬಾಣಂತಿಗೆ ಅವು ಬೇಡ ಅಂತಲ್ಲ, ಬೇಕೇ ಬೇಕು. ನನ್ನ ಸಲಹೆ ಇಷ್ಟೇ: ಮಧ್ಯಾಹ್ನದ ಊಟ ಒಂದನ್ನು ಕಬ್ಬಿಣದ ಊಟ ಅಂತ ಇಟ್ಟುಕೊಳ್ಳಿ. ಕಾಳು, ಸೊಪ್ಪು, ರಾಗಿ, ನಿಂಬೆ ಎಲ್ಲ ಅಲ್ಲಿರಲಿ. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆ ಬೆಳಗ್ಗೆಗೂ ರಾತ್ರಿಗೂ ಹೋಗಲಿ. ಮೂರು ಹೊತ್ತೂ ಎಲ್ಲ ನಿಯಮ ಪಾಲಿಸಲು ಹೊರಟರೆ ವಾರದಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತೀರಿ.

ಹೆಜ್ಜೆ 7: ನೆನೆಸಿ, ಮೊಳಕೆ ಬರಿಸಿ, ಹುದುಗಿಸಿ

ಕಾಳು ಮತ್ತು ಧಾನ್ಯದ ಹೊಟ್ಟಿನಲ್ಲಿ ಫೈಟೇಟ್ ಅನ್ನುವ ಅಂಶ ಕಬ್ಬಿಣವನ್ನು ಕಟ್ಟಿಹಾಕಿರುತ್ತದೆ. ನೆನೆಸಿದಾಗ, ಮೊಳಕೆ ಬಂದಾಗ, ಹಿಟ್ಟು ಹುಳಿ ಬಂದಾಗ ಅದು ಕಡಿಮೆಯಾಗುತ್ತದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಗಂಜಿ ಸಾದಾ ರಾಗಿ ಗಂಜಿಗಿಂತ ಮೇಲು. ದೋಸೆ, ಇಡ್ಲಿ ಹಿಟ್ಟಿಗೂ ಇದೇ ಮಾತು.

ಹೆಜ್ಜೆ 8: ಹುರುಳಿ ನುಗ್ಗೆಸೊಪ್ಪಿನ ಬಸ್ಸಾರು ಮಾಡಿ

ಮೇಲೆ ಹೇಳಿದ್ದೆಲ್ಲ ಒಂದೇ ಪಾತ್ರೆಯಲ್ಲಿ ಸೇರುವ ಅಡುಗೆ ಇದು. ವಾರಕ್ಕೆ ಎರಡು ಮೂರು ಸಲ ಮಾಡಬಹುದು.

ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಿ. ಮಾರನೆಯ ದಿನ ಬಿಳಿ ಮೊಳಕೆ ಇಣುಕುತ್ತದೆ. ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಬೇಕಾಗಬಹುದು.

ನುಗ್ಗೆಸೊಪ್ಪನ್ನು ಕಡ್ಡಿ ಬರದ ಹಾಗೆ ಎಲೆ ಮಾತ್ರ ಬಿಡಿಸಿಕೊಳ್ಳಿ. ಬಲಿತ ಕಡ್ಡಿ ಸೇರಿದರೆ ಹೊಟ್ಟೆ ಹಿಡಿಯುತ್ತದೆ. ಎರಡು ಹಿಡಿ ಎಲೆ ಸಾಕು. ಕಾಳನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಕುಕ್ಕರ್ ತೆಗೆದ ಮೇಲೆ ಸೊಪ್ಪು ಹಾಕಿ ಐದಾರು ನಿಮಿಷ ಕುದಿಸಿ. ಆಮೇಲೆ ಕಟ್ಟು ಬಸಿದಿಡಿ. ಈ ಕಟ್ಟನ್ನು ಚೆಲ್ಲುವ ಹಾಗಿಲ್ಲ, ಸೊಪ್ಪು ಕಾಳಿನ ಸಾರವೆಲ್ಲ ಅದರಲ್ಲೇ ಇಳಿದಿರುತ್ತದೆ.

ಒಂದು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕೊತ್ತಂಬರಿ ಬೀಜ ಹುರಿದು, ಸ್ವಲ್ಪ ಕಾಯಿತುರಿ, ಒಂದು ಹಿಡಿ ಬೆಂದ ಕಾಳು, ಚೂರು ಹುಣಸೆಹಣ್ಣು ಸೇರಿಸಿ ರುಬ್ಬಿ. ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಹಾಕಿ, ಕಟ್ಟು ಮತ್ತು ಮಸಾಲೆ ಸುರಿದು ಕುದಿಸಿ. ಹುಳಿ ಇರುವ ನೀರಾದ ಅಡುಗೆಗೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಸಾರು ಕಪ್ಪಗಾದರೆ ಚಿಂತೆ ಬೇಡ. ಆದರೆ ಆದ ಕೂಡಲೇ ಸ್ಟೀಲ್ ಪಾತ್ರೆಗೆ ಬಗ್ಗಿಸಿ, ಇಲ್ಲದಿದ್ದರೆ ಒಗರು ಬರುತ್ತದೆ. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ, ಬಡಿಸಿದ ಮೇಲೆ ನಿಂಬೆ ಹಿಂಡಿ. ಜೊತೆಗೆ ರಾಗಿ ಮುದ್ದೆ.

ಬಾಕಿ ಹೊತ್ತಿನದು ಸುಲಭ. ಬೆಳಿಗ್ಗೆ ದೋಸೆ ಅಥವಾ ಇಡ್ಲಿಗೆ ಶೇಂಗಾ ಎಳ್ಳಿನ ಚಟ್ನಿ, ಅದರ ಜೊತೆಗೇ ಒಂದು ಸೀಬೆಹಣ್ಣು. ಸಂಜೆ ನಾಲ್ಕರ ಹೊತ್ತಿಗೆ ನಿಂಬೆ ಪಾನಕದ ಜೊತೆ ಮಾತ್ರೆ, ಆಮೇಲೆ ಅಳವಿ ಉಂಡೆ ಅಥವಾ ಒಂದು ಹಿಡಿ ಹುರಿಗಡಲೆ. ರಾತ್ರಿ ಬೇಳೆ, ತರಕಾರಿ, ಮೊಸರು.

ಹೆಜ್ಜೆ 9: ಬಿ12 ಮರೆಯಬೇಡಿ

ಸಸ್ಯಾಹಾರಿಗಳು ಎಡವುವುದು ಇಲ್ಲೇ. ರಕ್ತಕ್ಕೆ ವಿಟಮಿನ್ ಬಿ12 ಕೂಡ ಬೇಕು, ಅದು ಯಾವ ಸೊಪ್ಪು, ಕಾಳಿನಲ್ಲೂ ಇಲ್ಲ. ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ನಂಬಿಕೊಳ್ಳುವಂಥದ್ದಲ್ಲ. ಹಾಲು, ಮೊಸರು ಚೆನ್ನಾಗಿ ತೆಗೆದುಕೊಳ್ಳುವವರಿಗೆ ಸ್ವಲ್ಪ ಸಿಗುತ್ತದೆ. ಹಾಲನ್ನೂ ಬಿಟ್ಟ ವೀಗನ್ ತಾಯಂದಿರಿಗೆ ಬಿ12 ಮಾತ್ರೆ ಕಡ್ಡಾಯ.

ಇದರಲ್ಲಿ ಮಗುವಿನ ವಿಷಯವೂ ಇದೆ. ತಾಯಿಯ ಕಬ್ಬಿಣ ಕಡಿಮೆಯಾದರೂ ಎದೆಹಾಲಿನ ಕಬ್ಬಿಣ ಹೆಚ್ಚು ಬದಲಾಗುವುದಿಲ್ಲ. ಬಿ12 ಹಾಗಲ್ಲ. ತಾಯಿಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ, ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಕೈಕಾಲು ಜುಮ್ ಅನ್ನುವುದು, ಮರೆವು, ನಾಲಿಗೆ ಉರಿ ಇದ್ದರೆ ಬಿ12 ಪರೀಕ್ಷೆ ಮಾಡಿಸಿ.

ಹೆಜ್ಜೆ 10: ಪಥ್ಯದ ಬಗ್ಗೆ ಮನೆಯಲ್ಲಿ ಮಾತಾಡಿ

ಸೊಪ್ಪು ಶೀತ, ಹಣ್ಣು ಶೀತ, ಕಾಳು ವಾಯು, ನೀರು ಕುಡಿದರೆ ಹೊಟ್ಟೆ ಬರುತ್ತದೆ. ಈ ನಾಲ್ಕು ಮಾತು ಸೇರಿದರೆ ಬಾಣಂತಿಯ ತಟ್ಟೆಯಲ್ಲಿ ಉಳಿಯುವುದು ಅನ್ನ, ತುಪ್ಪ. ಅಮ್ಮ, ಅತ್ತೆ, ಅಜ್ಜಿ ಹೇಳುವುದು ಪ್ರೀತಿಯಿಂದಲೇ. ಜಗಳ ಬೇಡ, ಆದರೆ ಸುಮ್ಮನಿರುವುದೂ ಬೇಡ.

ತಾಯಿಯ ಹೊಟ್ಟೆಯ ವಾಯು ಎದೆಹಾಲಿಗೆ ಇಳಿಯುವುದಿಲ್ಲ. ಆದರೂ ಅಂಜಿಕೆ ಇದ್ದರೆ ಮೊದಲ ವಾರ ಹೆಸರುಬೇಳೆ ಕಟ್ಟು, ಆಮೇಲೆ ತೊಗರಿ, ಆಮೇಲೆ ಮೊಳಕೆ ಹುರುಳಿ ಅಂತ ಮೆಲ್ಲಗೆ ಹೋಗಿ. ಸೊಪ್ಪನ್ನು ಬೆಳ್ಳುಳ್ಳಿ, ಮೆಣಸು ಹಾಕಿ ಬಿಸಿಬಿಸಿ ಮಾಡಿದರೆ "ಶೀತ" ಅನ್ನುವ ಅಜ್ಜಿಯೂ ಒಪ್ಪುತ್ತಾರೆ. ಸಬ್ಬಸಿಗೆ, ಮೆಂತ್ಯ ಸೊಪ್ಪಿಗೆ ಎಷ್ಟೋ ಮನೆಗಳಲ್ಲಿ ವಿರೋಧವಿಲ್ಲ, ಅಲ್ಲಿಂದ ಶುರು ಮಾಡಿ. ನೀರನ್ನಂತೂ ಬಾಯಾರಿದಷ್ಟೂ ಕುಡಿಯಿರಿ.

ಮನೆಯಲ್ಲಿ ಅನುಕೂಲ ಕಡಿಮೆ ಇದ್ದರೆ ಅಂಗನವಾಡಿಗೆ ಹೆಸರು ಕೊಡಿ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ ಇದೆ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು ಕೇಳಿ.

ಹೆಜ್ಜೆ 11: ತಿಂಗಳಿಗೆ ಮತ್ತೆ ಪರೀಕ್ಷೆ

ಮಾತ್ರೆ, ಊಟ ಎರಡೂ ಸರಿಯಾಗಿ ನಡೆದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರಬೇಕು. ಏರದಿದ್ದರೆ ಇನ್ನಷ್ಟು ಸೊಪ್ಪು ತಿನ್ನುವುದು ಪರಿಹಾರ ಅಲ್ಲ, ಕಾರಣ ಹುಡುಕಬೇಕು. ಕೊಕ್ಕೆಹುಳು ಇರಬಹುದು, ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರಬಹುದು, ಬಿ12 ಕೊರತೆ ಇರಬಹುದು, ಅಥವಾ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬಂದ ಥಲಸ್ಸೀಮಿಯಾ ಗುಣ ಇರಬಹುದು. ಥಲಸ್ಸೀಮಿಯಾ ಗುಣ ಇದ್ದವರು ಕೊರತೆ ಇದೆಯಾ ಅಂತ ನೋಡದೆ ಕಬ್ಬಿಣ ನುಂಗುತ್ತಾ ಹೋಗಬಾರದು.

ಹಿಮೋಗ್ಲೋಬಿನ್ 12 ಮುಟ್ಟಿದ ದಿನ ಮಾತ್ರೆ ನಿಲ್ಲಿಸುವ ಹಾಗಿಲ್ಲ. ರಕ್ತ ಸರಿಯಾದ ಮೇಲೆ ಮೈಯ ಉಗ್ರಾಣವೂ ತುಂಬಬೇಕು. ಅದಕ್ಕೆ ಇನ್ನೂ ಮೂರು ತಿಂಗಳು ಬೇಕು. ಅಷ್ಟರಲ್ಲಿ ಕೆಲವರಿಗೆ ಮುಟ್ಟು ಮತ್ತೆ ಶುರುವಾಗಿರುತ್ತದೆ, ಕಬ್ಬಿಣದ ಖರ್ಚೂ ಜಾಸ್ತಿಯಾಗಿರುತ್ತದೆ. ಸ್ರಾವ ವಾರಕ್ಕಿಂತ ಜಾಸ್ತಿ ದಿನ ಹೋಗುತ್ತಿದ್ದರೆ ಅದನ್ನೂ ಅದೇ ಭೇಟಿಯಲ್ಲಿ ಡಾಕ್ಟರಿಗೆ ಹೇಳಿ. ಮುಂದಿನ ಮಗುವಿಗೆ ಎಷ್ಟು ಅಂತರ ಬೇಕು ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ.